ಮುಳ್ಳು ನೆಗೆದರೆ ವೈರು ನೋಡಿ, ಮೆಲ್ಲಗೆ ಏರಿದರೆ ನೀರು ನೋಡಿ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರು. ಕೆಲವು ತಿಂಗಳಿಂದ ಟೆಂಪರೇಚರ್ ಮುಳ್ಳು ನನ್ನನ್ನು ನೆಮ್ಮದಿಯಾಗಿ ಓಡಿಸೋಕೆ ಬಿಡುತ್ತಿಲ್ಲ. ಮಧ್ಯದಲ್ಲಿ ಇರಬೇಕಾದ್ದು ಇದ್ದಕ್ಕಿದ್ದ ಹಾಗೆ ಕೆಂಪು ಗೆರೆ ಹತ್ತಿರ ಹೋಗುತ್ತದೆ. ಗಾಡಿ ಪಕ್ಕಕ್ಕೆ ಹಾಕೋಣ ಅನ್ನುವಷ್ಟರಲ್ಲಿ ವಾಪಸ್ ಬಂದುಬಿಡುತ್ತದೆ. ರಾತ್ರಿ ಹೊತ್ತು ಇದು ಜಾಸ್ತಿ. ಮುಳ್ಳು ಮೇಲಿದ್ದಾಗ ರೇಡಿಯೇಟರ್ ಫ್ಯಾನ್ ಓಡುವ ಸದ್ದೂ ಬರುವುದಿಲ್ಲ. ಗ್ಯಾರೇಜಿನಲ್ಲಿ ಮೊದಲು ಸೆನ್ಸರ್ ಬದಲಿಸಿದರು, ಸರಿಹೋಗಲಿಲ್ಲ. ಆಮೇಲೆ ಥರ್ಮೋಸ್ಟಾಟ್ ಬದಲಿಸಿದರು. ಈಗ ಹಳೇ ಕಾಟದ ಜೊತೆಗೆ ಹೊಸದೂ ಒಂದು ಸೇರಿಕೊಂಡಿದೆ. ಏರು ರಸ್ತೆಯಲ್ಲಿ ಮುಳ್ಳು ಮೆಲ್ಲಗೆ ಮೇಲೆ ಹೋಗುತ್ತದೆ, ಹೀಟರ್ ಹಾಕಿದರೆ ಒಮ್ಮೊಮ್ಮೆ ತಣ್ಣನೆ ಗಾಳಿ ಬರುತ್ತದೆ, ಡ್ಯಾಶ್‌ಬೋರ್ಡ್ ಹಿಂದೆ ನೀರು ಗುಳುಗುಳು ಅನ್ನುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅನ್ನುತ್ತಿದ್ದಾರೆ. ಬಿಚ್ಚಿಸಲಾ?

ಉತ್ತರ: ಈಗಲೇ ಬಿಚ್ಚಿಸಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಕಾರಿಗೆ ಇರುವುದು ಒಂದು ಕಾಯಿಲೆಯಲ್ಲ, ಎರಡು ಅಂತ ನನಗೆ ಅನ್ನಿಸುತ್ತದೆ. ಒಂದು ಹಳೆಯದು, ವೈರಿಂಗಿನದು. ಇನ್ನೊಂದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಬಾಗಿಲು) ಬದಲಿಸಿದ ಮೇಲೆ ಬಂದದ್ದು, ನೀರಿನದು. ಎರಡನ್ನೂ ಒಂದೇ ಅಂದುಕೊಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲು) ಮೇಲೆ ಅನುಮಾನ ಬರುವುದು ಸಹಜ. ಆದರೆ ಬಿಡಿಸಿ ನೋಡಿದರೆ ಎರಡಕ್ಕೂ ಚಿಕ್ಕ ಕಾರಣವೇ ಇರಬಹುದು.

ಮುಳ್ಳು ಎಷ್ಟು ಮೇಲೆ ಹೋಯಿತು ಅನ್ನುವುದಕ್ಕಿಂತ ಎಷ್ಟು ಬೇಗ ಹೋಯಿತು ಅನ್ನುವುದನ್ನು ನಾನು ಮೊದಲು ಕೇಳುತ್ತೇನೆ. ಎಂಜಿನ್ ಅಂದರೆ ಹತ್ತಾರು ಕಿಲೋ ಲೋಹ, ಅದರೊಳಗೆ ಐದಾರು ಲೀಟರ್ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ನೀರು. ಹಂಡೆ ತುಂಬಾ ನೀರು ಒಂದು ಕ್ಷಣದಲ್ಲಿ ಕುದಿದು ಮರುಕ್ಷಣ ತಣ್ಣಗಾಗುವುದಿಲ್ಲ ಅಲ್ವಾ? ಎಂಜಿನ್ನೂ ಹಾಗೇ. ನಿಜವಾಗಿ ಬಿಸಿ ಏರುತ್ತಿದ್ದರೆ ಮುಳ್ಳು ನಿಧಾನವಾಗಿ ಮೇಲೆ ಹೋಗುತ್ತದೆ, ಇಳಿಯುವಾಗಲೂ ಸಮಯ ತೆಗೆದುಕೊಳ್ಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೆಗೆದು ವಾಪಸ್ ಬಂದರೆ, ಬದಲಾದದ್ದು ಬಿಸಿಯಲ್ಲ, ಕರೆಂಟು.

ಇದಕ್ಕೆ ಒಂದೇ ಒಂದು ಅಪವಾದ ಇದೆ, ಅದು ಅಪಾಯದ್ದು. ಕೂಲೆಂಟ್ ತೀರಾ ಕಡಿಮೆಯಾಗಿ ಸೆನ್ಸರಿನ ತುದಿ ನೀರಿನಿಂದ ಹೊರಗೆ ಬಂದರೆ ಅದು ಗಾಳಿಯನ್ನೋ ಆವಿಯನ್ನೋ ಅಳೆಯಲು ಶುರುಮಾಡುತ್ತದೆ. ಗಾಳಿ ನೀರಿನಷ್ಟು ಚೆನ್ನಾಗಿ ಬಿಸಿ ದಾಟಿಸುವುದಿಲ್ಲ. ಆಗ ಒಳಗೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಬಿಸಿ ನೀರು ಸೆನ್ಸರಿಗೆ ತಾಗಿದ ಕೂಡಲೇ ಮೇಲಕ್ಕೆ ಹಾರಬಹುದು. ಹಾಗಾಗಿ ಮುಳ್ಳು ನೆಗೆದಾಡುತ್ತಾ ಅದೇ ಹೊತ್ತಿಗೆ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ, ಸಿಹಿ ವಾಸನೆ ಬಂದರೆ, ಬಾನೆಟ್ ಸಂದಿಯಲ್ಲಿ ಆವಿ ಕಂಡರೆ ಯೋಚಿಸುತ್ತಾ ಕೂರಬೇಡಿ. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಮುಳ್ಳು ಕೆಳಗೆ ಬಿತ್ತಲ್ಲ, ತಣ್ಣಗಾಯಿತು ಅಂದುಕೊಂಡು ಓಡಿಸಿ ಎಂಜಿನ್ ಕಳೆದುಕೊಂಡವರಿದ್ದಾರೆ. ಇದನ್ನು ದಯವಿಟ್ಟು ಮನೆಯಲ್ಲಿ ಆ ಕಾರು ಓಡಿಸುವ ಎಲ್ಲರಿಗೂ ಹೇಳಿ.

ಈಗ ನಿಮ್ಮ ಮೊದಲ ಕಾಯಿಲೆಗೆ ಬರೋಣ. ನಾನು ಈ ಕೆಲಸಕ್ಕೆ ವೈರಿಂಗ್ ಕಡೆಯಿಂದ ಬಂದವಳು, ಹಾಗಾಗಿ "ರಾತ್ರಿ ಹೊತ್ತು ಇದು ಜಾಸ್ತಿ" ಅನ್ನುವ ಮಾತು ಓದಿದ ತಕ್ಷಣ ಕಿವಿ ನೆಟ್ಟಗಾಯಿತು. ರಾತ್ರಿ ಹೊತ್ತು ಹೊರಗೆ ತಂಪು. ಎಂಜಿನ್ ಜಾಸ್ತಿ ಬಿಸಿಯಾಗಲು ಕಾರಣವಿಲ್ಲ. ರಾತ್ರಿ ಬದಲಾಗುವುದು ಹೆಡ್‌ಲೈಟು. ಲೈಟ್ ಹಾಕಿದಾಗ ಮುಳ್ಳು ಕುಣಿಯುತ್ತದೆ ಅಂದರೆ ಮೊದಲು ನೋಡಬೇಕಾದ್ದು ಅರ್ತ್, ಅಂದರೆ ಕರೆಂಟು ಲೋಹದ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ.

ಹಳೆಯ ಕಾರುಗಳಲ್ಲಿ ಮೀಟರಿನ ಸೆನ್ಸರಿಗೆ ಸಾಮಾನ್ಯವಾಗಿ ಒಂದೇ ವೈರು. ಕರೆಂಟು ಮೀಟರಿನಿಂದ ಆ ವೈರಿನಲ್ಲಿ ಬಂದು, ಸೆನ್ಸರ್ ದಾಟಿ, ಅದರ ಥ್ರೆಡ್ ಮೂಲಕ ಎಂಜಿನ್ ಬ್ಲಾಕಿಗೆ ಇಳಿಯುತ್ತದೆ. ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ, ಕರೆಂಟು ಜಾಸ್ತಿ ಹರಿಯುತ್ತದೆ, ಮುಳ್ಳು ಮೇಲೆ ಹೋಗುತ್ತದೆ. ಲೈಟು, ಬ್ಲೋವರ್ ಇವುಗಳ ಕರೆಂಟು ಬಾಡಿಗೆ ಇಳಿದು, ಅಲ್ಲಿಂದ ಎಂಜಿನ್ನಿಗೆ ವಾಪಸ್ ಹೋಗಬೇಕು. ಆ ದಾರಿಗೆ ಒಂದು ಹೆಣೆದ ಪಟ್ಟಿ ಇರುತ್ತದೆ, ಅರ್ತ್ ಸ್ಟ್ರಾಪ್ ಅನ್ನುತ್ತಾರೆ. ಇಪ್ಪತ್ತು ವರ್ಷದ ಕಾರಿನಲ್ಲಿ ಅದು ಎಣ್ಣೆ, ಧೂಳು, ನೀರು ಕುಡಿದು ಹಸಿರುಗಟ್ಟಿರುತ್ತದೆ, ಬೋಲ್ಟ್ ಕೆಳಗೆ ತುಕ್ಕು ಇರುತ್ತದೆ. ಲೈಟ್ ಹಾಕಿದ ಕೂಡಲೇ ಬಾಡಿಗೂ ಎಂಜಿನ್ನಿಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಬರುತ್ತದೆ. ಮೀಟರಿಗೆ ಅದು ಬಿಸಿಯ ಹಾಗೆ ಕಾಣುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಪೂರ್ತಿ ಬಿಸಿಯಾಗಿ ಐಡಲ್‌ನಲ್ಲಿ ಓಡುತ್ತಿರಲಿ. ಮುಳ್ಳನ್ನೇ ನೋಡುತ್ತಾ ಹೆಡ್‌ಲೈಟ್ ಹಾಕಿ. ಆಮೇಲೆ ಬ್ಲೋವರ್. ಆಮೇಲೆ ಹಿಂದಿನ ಗಾಜಿನ ಹೀಟರ್ ಇದ್ದರೆ ಅದು. ಯಾವುದಾದರೂ ಸ್ವಿಚ್ ಒತ್ತಿದ ಕ್ಷಣವೇ ಮುಳ್ಳು ಅಲುಗಿದರೆ ದೋಷ ಸಿಕ್ಕ ಹಾಗೆ. ಮಲ್ಟಿಮೀಟರ್ ಇದ್ದರೆ ಇನ್ನೂ ಗಟ್ಟಿಯಾಗಿ ತಿಳಿಯುತ್ತದೆ. ಡಿಸಿ ವೋಲ್ಟ್‌ನಲ್ಲಿಟ್ಟು ಅದರ ಒಂದು ವೈರಿನ ಮೊನೆಯನ್ನು ಎಂಜಿನ್ನಿನ ಬರಿ ಲೋಹಕ್ಕೆ, ಇನ್ನೊಂದನ್ನು ಬಾಡಿಯ ಪೇಂಟ್ ಇಲ್ಲದ ಬೋಲ್ಟಿಗೆ ಹಿಡಿಯಿರಿ. ಎಲ್ಲಾ ಲೈಟು ಹಾಕಿದಾಗಲೂ 0.1 ವೋಲ್ಟ್ ಒಳಗೇ ಇರಬೇಕು. 0.2 ದಾಟಿದರೆ ಸ್ಟ್ರಾಪ್ ಬಿಚ್ಚಿ. ಬ್ಯಾಟರಿಯ ಮೈನಸ್ ಕೇಬಲ್ ಮೊದಲು ತೆಗೆದಿಟ್ಟು, ಸ್ಟ್ರಾಪಿನ ಎರಡೂ ತುದಿ ಮತ್ತು ಅದು ಕೂರುವ ಜಾಗವನ್ನು ಲೋಹ ಹೊಳೆಯುವ ತನಕ ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿಯಾಗಿ ಕೂರಿಸಿ. ಹೆಣಿಗೆಯ ಎಳೆಗಳು ಕಿತ್ತಿದ್ದರೆ ಹೊಸದೇ ಹಾಕಿ.

ಸೆನ್ಸರ್ ಬದಲಿಸಿದರು ಅಂದಿರಿ. ಅದನ್ನು ಹಾಕುವಾಗ ಥ್ರೆಡ್ ಮೇಲೆ ಬಿಳಿ ಟೇಪ್ ಸುತ್ತಿದ್ದಾರಾ ನೋಡಿ. ನಲ್ಲಿಗೆ ಸುತ್ತುವ ಆ ಟೇಪು ನೀರು ಸೋರದ ಹಾಗೆ ತಡೆಯುತ್ತದೆ ನಿಜ. ಆದರೆ ಒಂಟಿ ವೈರಿನ ಸೆನ್ಸರಿಗೆ ಥ್ರೆಡ್ಡೇ ಅರ್ತ್. ದಪ್ಪಗೆ ಸುತ್ತಿದರೆ ಕರೆಂಟು ಇಳಿಯುವ ದಾರಿಯೇ ಕೆಡುತ್ತದೆ.

ಸೆನ್ಸರ್ ತುದಿಯ ವೈರನ್ನೂ ಬಿಡಬೇಡಿ. ಎಂಜಿನ್ ಆಫ್ ಇರಲಿ, ಇಗ್ನಿಷನ್ ಆನ್ ಇರಲಿ. ವೈರ್ ಕಿತ್ತರೆ ಮುಳ್ಳು ತಣ್ಣನೆ ಕಡೆಯ ಕೊನೆಗೆ ಬೀಳಬೇಕು. ಅದೇ ವೈರನ್ನು ಒಂದು ಚಿಕ್ಕ ಬಲ್ಬ್ ಮೂಲಕ ಎಂಜಿನ್ ಲೋಹಕ್ಕೆ ಮುಟ್ಟಿಸಿದರೆ ಮುಳ್ಳು ಮೇಲಕ್ಕೆ ಹೊರಡಬೇಕು. ಹೊರಟ ಕೂಡಲೇ ತೆಗೆದುಬಿಡಿ, ಹಿಡಿದುಕೊಂಡೇ ಇದ್ದರೆ ಮೀಟರ್ ಸುಡಬಹುದು. ಹೀಗೆ ಸರಿಯಾಗಿ ನಡೆದರೆ ಮೀಟರೂ ವೈರೂ ಒಂದು ಮಟ್ಟಿಗೆ ಸರಿ ಇವೆ ಅಂತ ಅರ್ಥ. ಇದು ಒಂಟಿ ವೈರಿನ ಸೆನ್ಸರಿಗೆ ಮಾತ್ರ. ಎರಡು ವೈರಿನದ್ದು ಎಂಜಿನ್ ಕಂಪ್ಯೂಟರಿಗೆ ಹೋಗುತ್ತದೆ, ಅದರ ಜೊತೆ ಈ ಆಟ ಬೇಡ. ವೈರನ್ನು ಕೈಯಲ್ಲಿ ಅಲುಗಿಸಿಯೂ ನೋಡಿ. ಕನೆಕ್ಟರಿನಿಂದ ಒಂದು ಗೇಣು ಹಿಂದೆ, ಎಂಜಿನ್ ಅಲುಗಿದಾಗಲೆಲ್ಲಾ ವೈರು ಬಾಗುವ ಜಾಗದಲ್ಲಿ, ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಾಮ್ರ ಮುರಿದಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಿಡಿದು ಮೆಲ್ಲಗೆ ಎಳೆದರೆ ಆ ಜಾಗ ರಬ್ಬರಿನ ಹಾಗೆ ಹಿಗ್ಗುತ್ತದೆ. ತಾಮ್ರ ಇರುವ ವೈರು ಹಿಗ್ಗುವುದಿಲ್ಲ.

ಇನ್ನೊಂದು ಗಮನಿಸಿ. ಟೆಂಪರೇಚರ್ ಮುಳ್ಳು ಏರಿದಾಗ ಪೆಟ್ರೋಲ್ ಮುಳ್ಳೂ ಜೊತೆಗೇ ಏರುತ್ತದಾ? ಹಾಗಿದ್ದರೆ ಸೆನ್ಸರನ್ನು ಮರೆತುಬಿಡಿ. ತೀರಾ ಹಳೆಯ ಕಾರುಗಳಲ್ಲಿ ಎರಡೂ ಮೀಟರಿಗೆ ಕರೆಂಟನ್ನು ಒಂದೇ ಮಟ್ಟದಲ್ಲಿ ಕೊಡುವ ಚಿಕ್ಕ ಸ್ಟೆಬಿಲೈಜರ್ ಮೀಟರ್ ಹಿಂದೆ ಇರುತ್ತದೆ. ಅನೇಕ ಕಾರುಗಳಲ್ಲಿ ಅದು 12 ವೋಲ್ಟನ್ನು 10ಕ್ಕೆ ಇಳಿಸುತ್ತದೆ. ಅದು ಕೆಟ್ಟರೆ ಅಥವಾ ಅದರ ಅರ್ತ್ ಸಡಿಲವಾದರೆ ಎರಡು ಮುಳ್ಳೂ ಒಟ್ಟಿಗೆ ಸುಳ್ಳು ತೋರಿಸುತ್ತವೆ.

ಮುಳ್ಳು ಮೇಲಿದ್ದಾಗ ಫ್ಯಾನ್ ಓಡಲಿಲ್ಲ ಅಂತ ಬರೆದಿದ್ದು ತುಂಬಾ ಒಳ್ಳೆಯದಾಯಿತು. ಫ್ಯಾನಿಗೆ ಅನೇಕ ಕಾರುಗಳಲ್ಲಿ ಬೇರೆಯದೇ ಸ್ವಿಚ್ ಅಥವಾ ಸೆನ್ಸರ್ ಇರುತ್ತದೆ, ಸುಮಾರು 92ರಿಂದ 98 ಡಿಗ್ರಿಯಲ್ಲಿ ಅದು ಫ್ಯಾನ್ ಹಾಕುತ್ತದೆ. ಅಂದರೆ ನಿಮ್ಮ ಕಾರಿನಲ್ಲೇ ಎರಡನೇ ಸಾಕ್ಷಿ ಇದೆ, ಅದು "ಬಿಸಿಯಾಗಿಲ್ಲ" ಅನ್ನುತ್ತಿದೆ. ಆದರೆ ಫ್ಯಾನೇ ಸತ್ತಿದ್ದರೆ ಈ ಸಾಕ್ಷಿಗೆ ಬೆಲೆಯಿಲ್ಲ. ಎಸಿ ಹಾಕಿ ನೋಡಿ, ಬಹಳಷ್ಟು ಕಾರುಗಳಲ್ಲಿ ಆಗ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್ ಮೊದಲು ನೋಡಿಸಿ.

ಈಗ ಎರಡನೇ ಕಾಯಿಲೆ. ಮೆಲ್ಲಗೆ ಏರುವ ಮುಳ್ಳು, ತಣ್ಣನೆ ಹೀಟರ್, ಗುಳುಗುಳು ಸದ್ದು. ಈ ಮೂರೂ ಸೇರಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಂತಲೇ ಮೊದಲ ಅನುಮಾನ. ಥರ್ಮೋಸ್ಟಾಟ್ ಬದಲಿಸುವಾಗ ಕೂಲೆಂಟ್ ಇಳಿಸಿರುತ್ತಾರೆ. ಮತ್ತೆ ತುಂಬುವಾಗ ಗಾಳಿ ಪೂರ್ತಿ ಹೊರಗೆ ಹೋಗಿರುವುದಿಲ್ಲ. ಹೀಟರಿನ ಚಿಕ್ಕ ರೇಡಿಯೇಟರ್ ಹಲವು ಕಾರುಗಳಲ್ಲಿ ಎತ್ತರದಲ್ಲಿರುತ್ತದೆ, ಗಾಳಿ ಹೋಗಿ ಅಲ್ಲೇ ಕೂರುತ್ತದೆ. ಥರ್ಮೋಸ್ಟಾಟಿನ ಅಂಚಿನಲ್ಲಿ ಅಲುಗಾಡುವ ಚಿಕ್ಕ ಪಿನ್ನೊಂದು ಇದ್ದರೆ ಅದು ಗಾಳಿ ಹೊರಗೆ ಹೋಗುವ ಕಿಂಡಿ. ಥರ್ಮೋಸ್ಟಾಟ್ ನಿಂತ ಹಾಗೆ ಕೂರುವ ಎಂಜಿನ್ನಿನಲ್ಲಿ ಆ ಪಿನ್ ಮೇಲ್ಗಡೆಯೇ ಇರಬೇಕು. ಹಾಗೆ ಹಾಕಿದ್ದಾರಾ ಅಂತ ಕೇಳಿ.

ಗಾಳಿ ತೆಗೆಯುವುದಕ್ಕೆ ತಾಳ್ಮೆ ಬೇಕು, ಬೇರೆ ಏನೂ ಬೇಡ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಕೆಲಸ ಶುರುಮಾಡಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ. ಒತ್ತಡದಲ್ಲಿರುವ ಕೂಲೆಂಟ್ ನೂರು ಡಿಗ್ರಿ ದಾಟಿದ್ದರೂ ಕುದಿಯದೆ ಇರುತ್ತದೆ, ಮುಚ್ಚಳ ತೆಗೆದ ಕ್ಷಣ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾರನ್ನು ಮುಂಭಾಗ ಎತ್ತರವಾಗುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಬಿಚ್ಚಿ ನಿಧಾನವಾಗಿ ಕೂಲೆಂಟ್ ಹಾಕಿ. ಗುಳ್ಳೆ ನಿಂತು ಬರೀ ಕೂಲೆಂಟ್ ಬರಲು ಶುರುವಾದಾಗ ಸ್ಕ್ರೂ ಮುಚ್ಚಿ. ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಹಿಸುಕುತ್ತಿರಿ. ಮಟ್ಟ ಇಳಿದ ಹಾಗೆ ತುಂಬಿ. ಕೂಲೆಂಟ್ ಬಿಸಿಯಾಗಿ ಉಬ್ಬಿ ಮೇಲೆ ಬರಲು ಶುರುವಾಗುವ ಮೊದಲೇ ಮುಚ್ಚಳ ಹಾಕಿಬಿಡಿ. ಮೇಲಿನ ಹೋಸ್ ಬಿಸಿಯಾಗಿ, ಫ್ಯಾನ್ ಎರಡು ಸಲ ಓಡಿ ನಿಲ್ಲಲಿ. ಹೀಟರ್‌ನಿಂದ ಒಂದೇ ಸಮನೆ ಬಿಸಿ ಗಾಳಿ ಬರಬೇಕು. ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದಾಗ ಮಟ್ಟ ಮತ್ತೆ ನೋಡಿ, ಸ್ವಲ್ಪ ಇಳಿದೇ ಇರುತ್ತದೆ, ತುಂಬಿ.

ಇಷ್ಟು ಮಾಡಿ ಕೆಲವು ದಿನ ಓಡಿಸಿ. ಗುಳುಗುಳು ನಿಂತು ಮಟ್ಟ ಹಾಗೇ ಉಳಿದರೆ ನಿಮ್ಮ ಹೆಡ್ ಗ್ಯಾಸ್ಕೆಟ್ ಚೆನ್ನಾಗಿದೆ. ಗಾಳಿ ತೆಗೆದಷ್ಟೂ ಮತ್ತೆ ಬರುತ್ತಿದ್ದರೆ, ಕೂಲೆಂಟ್ ಎಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ ಆಗ ಅನುಮಾನಪಡಿ. ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಅದು ಬಿಸಿಯ ಒತ್ತಡವಲ್ಲ, ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿದೆ. ಇದನ್ನು ಖಚಿತ ಮಾಡಿಕೊಳ್ಳಲು ಎಂಜಿನ್ ಬಿಚ್ಚಬೇಕಾಗಿಲ್ಲ. ರೇಡಿಯೇಟರ್ ಬಾಯಿಗೆ ಇಟ್ಟು ಒಳಗಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುವ ಒಂದು ಸಾಧನ ಇದೆ. ಪೆಟ್ರೋಲ್ ಎಂಜಿನ್ನಿನ ಸುಟ್ಟ ಗ್ಯಾಸ್ ಇದ್ದರೆ ದ್ರವ ಹಳದಿಯಾಗುತ್ತದೆ. ಆ ಪರೀಕ್ಷೆ ಮಾಡದೆ ಹೆಡ್ ಬಿಚ್ಚುತ್ತೇನೆ ಅಂದರೆ ಒಪ್ಪಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೆಡ್ ಬಿಚ್ಚಿ ಕೂರಿಸುವುದು ಹಳೆಯ ಎಂಜಿನ್ನಿಗೆ ದೊಡ್ಡ ಆಪರೇಷನ್. ಸುಮ್ನೆ ಒಂದು ಅನುಮಾನಕ್ಕೆ ಮಾಡಿಸುವಂಥದ್ದಲ್ಲ.

ಗನ್ ಹಾಗೆ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಕ್ಕರೆ ಮುಳ್ಳಿನ ಮಾತನ್ನು ಅದರಿಂದ ತಾಳೆ ನೋಡಬಹುದು. ಥರ್ಮೋಸ್ಟಾಟ್ ಕೂತಿರುವ ಜಾಗಕ್ಕೆ ಗುರಿ ಇಡಿ. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ಪ್ರಶ್ನೆ: ಹೈವೇಯಲ್ಲಿ ನನ್ನ ಕಾರಿನ ಮುಳ್ಳು ಮಧ್ಯಕ್ಕಿಂತ ಕೆಳಗೆ ಇಳಿಯುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಮತ್ತೆ ಮಧ್ಯಕ್ಕೆ ಬರುತ್ತದೆ. ತಂಪಾಗಿದ್ದರೆ ಎಂಜಿನ್ನಿಗೆ ಒಳ್ಳೆಯದೇ ಅಲ್ವಾ? ಥರ್ಮೋಸ್ಟಾಟ್ ತೆಗೆದೇಬಿಡಿ ಅಂತಲೂ ಕೆಲವರು ಹೇಳುತ್ತಾರೆ.

ಉತ್ತರ: ಒಳ್ಳೆಯದಲ್ಲ. ನಿಮ್ಮ ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ. ಅದರೊಳಗೆ ಮೇಣದ ಗುಳಿಗೆಯೊಂದು ಇರುತ್ತದೆ. ಸಾಮಾನ್ಯವಾಗಿ 82 ಅಥವಾ 88 ಡಿಗ್ರಿಯಲ್ಲಿ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯಬೇಕು, ತಣ್ಣಗಾದಾಗ ಸ್ಪ್ರಿಂಗ್ ಮುಚ್ಚಬೇಕು. ನಿಮ್ಮದರಲ್ಲಿ ಮುಚ್ಚುತ್ತಿಲ್ಲ. ಎಂಜಿನ್ ತಣ್ಣಗೇ ಓಡಿದರೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಹಾಕುತ್ತದೆ, ಆಯಿಲಿನಲ್ಲಿ ಸೇರಿದ ನೀರಿನಂಶ ಆವಿಯಾಗಿ ಹೋಗುವುದಿಲ್ಲ, ಸಿಲಿಂಡರ್ ಸವೆಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಮುಟ್ಟಿ ನೋಡಿ, ಕೈಯನ್ನು ಫ್ಯಾನಿನಿಂದ ದೂರ ಇಡಿ. ಸರಿಯಾದ ಥರ್ಮೋಸ್ಟಾಟ್ ಆದರೆ ಹೋಸ್ ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಬೇಗ ಬಿಸಿಯಾಗುತ್ತದೆ. ಮೊದಲಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಬಂದರೆ ಬದಲಿಸಿ.

ತೆಗೆದುಬಿಡುವ ಯೋಚನೆಯಂತೂ ಬೇಡವೇ ಬೇಡ. ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಂಡಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದೇ ಇಲ್ಲದಿದ್ದರೆ ಒಂದಷ್ಟು ಬಿಸಿ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಏರು ರಸ್ತೆಯಲ್ಲಿ ಅಂಥ ಕಾರು ಇನ್ನಷ್ಟು ಬಿಸಿಯಾಗಬಹುದು.

ಪ್ರಶ್ನೆ: ಕಾರು ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮುಳ್ಳು ಮಧ್ಯಕ್ಕಿಂತ ಮೇಲಿರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಹೆದರಬೇಕಾ?

ಉತ್ತರ: ಬೇಡ. ಎಂಜಿನ್ ಆಫ್ ಆದಾಗ ಪಂಪೂ ನಿಲ್ಲುತ್ತದೆ. ಲೋಹದ ಬಿಸಿ ನಿಂತ ನೀರಿಗೆ ಇಳಿಯುತ್ತಾ ಹೋಗುತ್ತದೆ, ಅದನ್ನೇ ಸೆನ್ಸರ್ ತೋರಿಸುತ್ತದೆ. ಒಂದೆರಡು ನಿಮಿಷದಲ್ಲಿ ಇಳಿದರೆ ಎಲ್ಲಾ ಸರಿ. ಇಳಿಯದೆ ಇನ್ನೂ ಏರಿದರೆ ವಾಟರ್ ಪಂಪ್ ಬೆಲ್ಟ್ ಮತ್ತು ಫ್ಯಾನ್ ನೋಡಿಸಿ.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ. ಮುಳ್ಳು ಯಾವತ್ತೂ ಮಧ್ಯದಿಂದ ಅಲುಗುವುದಿಲ್ಲ, ಆದರೆ ದೂರ ಓಡಿಸಿ ನಿಲ್ಲಿಸಿದರೆ ಕೂಲೆಂಟ್ ಬಾಟಲಿಯಲ್ಲಿ ಕುದಿಯುವ ಸದ್ದು ಬರುತ್ತದೆ.

ಉತ್ತರ: ಮುಳ್ಳು ಅಲುಗದಿರುವುದನ್ನು ನಂಬಬೇಡಿ. ಕೆಲವು ಕಾರುಗಳಲ್ಲಿ, ಓಡಿಸುವವರು ಗಾಬರಿಯಾಗಬಾರದು ಅಂತ ಮುಳ್ಳನ್ನು ಸುಮಾರು 75ರಿಂದ 105 ಡಿಗ್ರಿವರೆಗೂ ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಅದು ಅಲುಗುವ ಹೊತ್ತಿಗೆ ತಡವಾಗಿರುತ್ತದೆ. ಓಬಿಡಿ ಸಾಕೆಟ್ (ಎಂಜಿನ್ ಕಂಪ್ಯೂಟರಿನ ಮಾಹಿತಿ ಓದಲು ಇರುವ ಸಾಕೆಟ್) ಇದ್ದರೆ ಒಂದು ಚಿಕ್ಕ ರೀಡರ್ ಸಿಕ್ಕಿಸಿ ನಿಜವಾದ ಡಿಗ್ರಿ ನೋಡಿ. ಅದು ಮೈನಸ್ 40 ತೋರಿಸಿದರೆ ಸಾಮಾನ್ಯವಾಗಿ ಸೆನ್ಸರಿನ ವೈರು ಕಡಿದಿದೆ ಅಂತಲೇ ಅರ್ಥ.

ಡಿಗ್ರಿ 90ರ ಆಸುಪಾಸಿನಲ್ಲೇ ಇದ್ದು ಕುದಿಯುವ ಸದ್ದು ಬಂದರೆ ಮುಚ್ಚಳ ನೋಡಿ. ಅರ್ಧ ನೀರು ಅರ್ಧ ಕೂಲೆಂಟ್ ಮಿಶ್ರಣ ಒತ್ತಡವಿಲ್ಲದಿದ್ದರೆ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳ 1 ಬಾರ್ ಒತ್ತಡ ಹಿಡಿದರೆ 125 ದಾಟಿದರೂ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತು ರಬ್ಬರ್ ಬಿರುಕು ಬಿಟ್ಟ ಮುಚ್ಚಳಕ್ಕೆ ಆ ಶಕ್ತಿ ಇರುವುದಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಎಂಜಿನ್ನಿನ ಬಿಸಿ ಜಾಗಗಳಲ್ಲಿ ನಿಂತ ನೀರು ಆಗಲೇ ಕುದಿಯಲು ಶುರುಮಾಡುತ್ತದೆ. ತಣ್ಣಗಿದ್ದಾಗ ತೆಗೆದು ರಬ್ಬರ್ ನೋಡಿ, ಮುಚ್ಚಳದ ಮೇಲೆ ಬರೆದಿರುವ 0.9 ಅಥವಾ 1.1 ಅಂಥ ಅಂಕಿ ನೋಡಿ, ಅದೇ ಅಂಕಿಯ ಹೊಸದನ್ನು ಹಾಕಿ. ಜಾಸ್ತಿ ಒತ್ತಡದ್ದು ಹಾಕಿದರೆ ಹಳೆಯ ಹೋಸುಗಳು ಒಡೆಯಬಹುದು. ಹೊಸ ಮುಚ್ಚಳ ಹಾಕಿಯೂ ಸದ್ದು ನಿಲ್ಲದಿದ್ದರೆ ಮೊದಲ ಉತ್ತರದಲ್ಲಿ ಹೇಳಿದ ನೀಲಿ ದ್ರವದ ಪರೀಕ್ಷೆ ಮಾಡಿಸಿ.